ಸೆಲ್ಫ್ ಸ್ಟಾರ್ಟರಿನ ಜನಕ ಚಾರ್ಲ್ಸ್ ಕೆಟರಿಂಗ್

ಹಳೆಯ ಮೋಟಾರು ಕಾರುಗಳನ್ನು ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ತೊಂದರೆಯೊಂದಿದೆ. ಕೀಲಿಕೈಯನ್ನು ತಿರುಗಿಸುತ್ತಾರೆ, ಇಂಜಿನು ಉಸಿರೆತ್ತುವುದಿಲ್ಲ. ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ದೀಪಗಳು ಉರಿಯುತ್ತವೆ, ಪೆಟ್ರೋಲಿಗೂ ಕೊರತೆಯಿಲ್ಲ. ದೋಷ ಅಡಗಿರುವುದು ಕೀಲಿಕೈಯ ಹಿಂದಿನ ಇಗ್ನಿಷನ್ ಸ್ವಿಚ್ಚಿನಲ್ಲಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಈ ಸ್ವಿಚ್ಚಿನಿಂದ ಹೊರಡುವ ತಂತಿಗಳಲ್ಲಿ ಒಂದು ಇಗ್ನಿಷನ್ ಕಾಯಿಲಿಗೆ ಹೋಗುತ್ತದೆ, ಇನ್ನೊಂದು ಸೆಲ್ಫ್ ಸ್ಟಾರ್ಟರಿನ ಕಡೆಗೆ. ಮೊದಲನೆಯದು ಇಂಜಿನಿನೊಳಗೆ ಕಿಡಿ ಹಾರಿಸುವುದಕ್ಕೆ, ಎರಡನೆಯದು ಇಂಜಿನನ್ನು ಎಬ್ಬಿಸುವುದಕ್ಕೆ. ಈ ಎರಡು ಏರ್ಪಾಡುಗಳನ್ನೂ ದಿನಬಳಕೆಗೆ ಬರುವ ರೂಪದಲ್ಲಿ ಕಾರಿಗೆ ತಂದುಕೊಟ್ಟವನು ಒಬ್ಬನೇ ಮನುಷ್ಯ. ಅವನ ಹೆಸರು ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್. ಎಡಿಸನ್ನನ ಹೆಸರನ್ನು ಪ್ರಾಥಮಿಕ ಶಾಲೆಯ ಮಕ್ಕಳೂ ಬಲ್ಲರು. ಫೋರ್ಡನ ಹೆಸರು ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ಕೆಟರಿಂಗನ ಹೆಸರು ಅವನ ದೇಶದಲ್ಲಿ ದೊಡ್ಡದಾದರೂ ನಮ್ಮಲ್ಲಿ ಬಳಕೆಗೆ ಬರಲಿಲ್ಲ.

ಕೆಟರಿಂಗನು ಹುಟ್ಟಿದ್ದು 1876ನೆಯ ಇಸವಿ ಆಗಸ್ಟ್ 29ರಂದು, ಅಮೆರಿಕದ ಒಹಾಯೊ ಪ್ರಾಂತದ ಲೌಡನ್‌ವಿಲ್ ಎಂಬ ಊರಿನ ಬಳಿಯ ಒಂದು ಬೇಸಾಯದ ಮನೆಯಲ್ಲಿ. ಐವರು ಮಕ್ಕಳಲ್ಲಿ ಅವನು ನಾಲ್ಕನೆಯವನು. ಹೊಲದ ಕೆಲಸ, ದನಕರು, ಹಳ್ಳಿಯ ಶಾಲೆ, ಇವುಗಳ ನಡುವೆ ಬೆಳೆದನು. ಹುಡುಗನಾಗಿದ್ದಾಗಿನಿಂದಲೂ ಅವನ ಕಣ್ಣುಗಳು ದುರ್ಬಲ. ಸ್ವಲ್ಪ ಹೊತ್ತು ಓದಿದರೆ ಸಾಕು, ತಲೆನೋವು ಹಿಡಿದುಬಿಡುತ್ತಿತ್ತು. ಓದಬೇಕೆಂಬ ಹಂಬಲವುಳ್ಳವನಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆ ಬೇರೆ ಯಾವುದಿದ್ದೀತು?

ಶಾಲೆ ಮುಗಿಸಿದ ಮೇಲೆ ಅವನು ಕೆಲವು ಕಾಲ ಹಳ್ಳಿಯ ಶಾಲೆಗಳಲ್ಲಿಯೇ ಉಪಾಧ್ಯಾಯನಾಗಿದ್ದನು. ಸಂಜೆಯ ಹೊತ್ತು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ವಿದ್ಯುತ್ತು, ಶಾಖ, ಅಯಸ್ಕಾಂತ ಮುಂತಾದವುಗಳ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದನು. ಅನಂತರ ಊಸ್ಟರ್ ಕಾಲೇಜಿಗೆ ಸೇರಿದನು. ಅಲ್ಲಿಂದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹೋದನು. ಆದರೆ ಕಣ್ಣುಗಳು ಕೈಕೊಟ್ಟವು. ಓದನ್ನು ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ. ಇಂಜಿನಿಯರಾಗುವ ಆಸೆಯನ್ನು ಕೈಬಿಟ್ಟಂತೆಯೇ ಎಂದು ಅವನು ಖಿನ್ನನಾಗಿ ಟೆಲಿಫೋನ್ ಕಂಬಗಳನ್ನು ನೆಡುವ ತಂಡದಲ್ಲಿ ಸೇರಿಕೊಂಡನು. ಕಂಬಕ್ಕೆ ಗುಂಡಿ ತೋಡುವುದು, ತಂತಿ ಎಳೆಯುವುದು, ಬಿಸಿಲಲ್ಲಿ ಅಲೆಯುವುದು. ಪುಸ್ತಕವಿಲ್ಲದ ಈ ಬಯಲಿನ ಕೆಲಸ ಅವನ ಕಣ್ಣಿಗೂ ಮನಸ್ಸಿಗೂ ಔಷಧವಾಯಿತು. ಕಲಿತಿದ್ದಷ್ಟು ವಿದ್ಯುತ್ತಿನ ವಿದ್ಯೆಯನ್ನು ತಂತಿಯ ಮೇಲೆ ಪ್ರಯೋಗಿಸುತ್ತ ಹೋದಂತೆ ಉತ್ಸಾಹ ಮರಳಿತು. ತಂಡಕ್ಕೆ ಮೇಸ್ತ್ರಿಯೂ ಆದನು. ಮುಂದೆ 1905ರಲ್ಲಿ ಅವನ ಕೈಹಿಡಿದ ಆಲಿವ್ ವಿಲಿಯಮ್ಸ್ ಎಂಬಾಕೆಯ ಪರಿಚಯವಾದದ್ದೂ ಆ ದಿನಗಳಲ್ಲಿಯೇ.

ಮತ್ತೆ ಕಾಲೇಜಿಗೆ ಹೋಗಿ ಅವನು ಪದವಿ ಪಡೆದದ್ದು 1904ರಲ್ಲಿ. ಆಗ ಅವನಿಗೆ ವಯಸ್ಸು ಇಪ್ಪತ್ತೇಳು ತುಂಬಿ ಇಪ್ಪತ್ತೆಂಟು ನಡೆಯುತ್ತಿತ್ತು. ಜೊತೆಯವರು ಎಂದೋ ನೆಲೆ ಕಂಡಿದ್ದರು. ತಡವಾಗಿ ಬಂದವನು, ನಡುವೆ ಬಿಟ್ಟುಹೋದವನು, ಮನೆಯಲ್ಲಿ ಪುಸ್ತಕದ ಕಪಾಟು ಇಲ್ಲದವನು ಎಂದು ಹಿಂಜರಿಯುವ ಗೆಳೆಯರು ನಮ್ಮ ತರಗತಿಯಲ್ಲಿಯೂ ಇದ್ದಾರೆ. ಆದ್ದರಿಂದಲೇ ಈ ಇಸವಿಯನ್ನು ಒತ್ತಿ ಹೇಳಿದೆ.

ಪದವಿ ಪಡೆದೊಡನೆ ಕೆಟರಿಂಗನಿಗೆ ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಕೆಲಸ ದೊರೆಯಿತು. ಅಂಗಡಿಗಳಲ್ಲಿ ಹಣ ಎಣಿಸಿ ಲೆಕ್ಕವಿಡುವ ಯಂತ್ರವನ್ನು ಆಗೆಲ್ಲ ಕೈಯಿಂದ ತಿರುಗಿಸುತ್ತಿದ್ದರು. ಅದಕ್ಕೆ ವಿದ್ಯುತ್ ಮೋಟಾರು ಜೋಡಿಸುವ ಕೆಲಸ ಇವನ ಪಾಲಿಗೆ ಬಂತು. ಹಣದ ಪೆಟ್ಟಿಗೆಯನ್ನು ತಳ್ಳಲು ಬಲವಾದ ಸೆಳೆತ ಬೇಕು. ಬಲವಾದ ಸೆಳೆತಕ್ಕೆ ದೊಡ್ಡ ಮೋಟಾರು ಬೇಕು. ದೊಡ್ಡ ಮೋಟಾರು ಆ ಪುಟ್ಟ ಯಂತ್ರದಲ್ಲಿ ಹಿಡಿಸುವುದಿಲ್ಲ. ಕೆಟರಿಂಗನು ಸಮಸ್ಯೆಯನ್ನು ಇನ್ನೊಂದು ಕಡೆಯಿಂದ ನೋಡಿದನು. ಮೋಟಾರು ಸುಟ್ಟುಹೋಗುವುದು ಭಾರದಿಂದಲ್ಲ, ಕಾವಿನಿಂದ. ಕಾವು ಏರಲು ಸಮಯ ಬೇಕು. ಪೆಟ್ಟಿಗೆ ತೆರೆಯುವುದು ಒಂದು ಕ್ಷಣದ ಕೆಲಸ. ಹಾಗಿದ್ದ ಮೇಲೆ ಚಿಕ್ಕ ಮೋಟಾರಿನಿಂದಲೇ ಒಂದು ಕ್ಷಣ ಅದರ ಶಕ್ತಿಗೆ ಮೀರಿದ ಕೆಲಸ ಮಾಡಿಸಿ, ಅನಂತರ ಅದನ್ನು ತಣ್ಣಗಾಗಲು ಬಿಟ್ಟರೆ ಆಯಿತಲ್ಲ? ಬಹು ಸಾಧಾರಣವಾಗಿ ಕಾಣುವ ಈ ಯೋಚನೆ ಕೆಟರಿಂಗನ ಬಾಳಿನ ಬಂಡವಾಳ ಎಂದರೆ ಹೆಚ್ಚಾಗಲಾರದು.

ಆ ಕಂಪನಿಯಲ್ಲಿಯೇ ಎಡ್ವರ್ಡ್ ಡೀಡ್ಸ್ ಎಂಬ ಅಧಿಕಾರಿಯ ಸ್ನೇಹವಾಯಿತು. ಡೀಡ್ಸನ ಮನೆಯ ಹಿಂದೆ ಒಂದು ಕೊಟ್ಟಿಗೆಯಿತ್ತು. ಹಗಲೆಲ್ಲ ಕಂಪನಿಯ ಕೆಲಸ ಮಾಡಿ, ರಾತ್ರಿ ಮತ್ತು ರಜಾದಿನಗಳಲ್ಲಿ ಕೆಟರಿಂಗನೂ ಅವನ ಕೆಲವು ಗೆಳೆಯರೂ ಅಲ್ಲಿ ಸೇರಿ ಮೋಟಾರು ಕಾರಿನ ಕಿಡಿಯ ಏರ್ಪಾಡನ್ನು ಸುಧಾರಿಸಲು ತೊಡಗಿದರು. ಇವರಿಗೆ ಕೊಟ್ಟಿಗೆಯ ತಂಡವೆಂದೇ ಹೆಸರಾಯಿತು. 1909ರಲ್ಲಿ ಕೆಟರಿಂಗನು ನೌಕರಿಯನ್ನು ಬಿಟ್ಟನು. ಡೀಡ್ಸನೂ ಅವನೂ ಸೇರಿ ಹೂಡಿದ ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಮೊದಲಕ್ಷರಗಳು ಕೂಡಿ ಡೆಲ್ಕೊ ಎಂಬ ಹೆಸರಾಯಿತು. ಕ್ಯಾಡಿಲಾಕ್ ಕಾರುಗಳ ಯಜಮಾನ ಹೆನ್ರಿ ಲೆಲೆಂಡನು ಇವರ ಇಗ್ನಿಷನ್ ಸಲಕರಣೆಯನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂಡನು.

ಈ ಇಗ್ನಿಷನ್ನಿನ ಗುಟ್ಟನ್ನು ಕೊಂಚ ವಿವರಿಸಬೇಕು. ಬ್ಯಾಟರಿಯ ಅಲ್ಪ ಒತ್ತಡದ ವಿದ್ಯುತ್ತು ಕಾಯಿಲಿನ ದಪ್ಪ ಸುರುಳಿಯಲ್ಲಿ ಹರಿಯುತ್ತಿರುತ್ತದೆ. ಇಂಜಿನಿನೊಡನೆ ತಿರುಗುವ ಚಿಕ್ಕ ಕ್ಯಾಮೊಂದು ಸರಿಯಾದ ಗಳಿಗೆಯಲ್ಲಿ ಎರಡು ಪಾಯಿಂಟುಗಳನ್ನು ಬಿಡಿಸಿ ಆ ಹರಿವನ್ನು ಥಟ್ಟನೆ ಕಡಿಯುತ್ತದೆ. ಕಡಿದ ಕೂಡಲೆ ಕಾಯಿಲಿನ ಇನ್ನೊಂದು ಸುರುಳಿಯಲ್ಲಿ, ಸಾವಿರಾರು ಸುತ್ತುಗಳಿರುವ ತೆಳುತಂತಿಯಲ್ಲಿ, ಭಾರಿ ಒತ್ತಡ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಯಾವ ಸಿಲಿಂಡರಿಗೆ ಎಂಬುದನ್ನು ಡಿಸ್ಟ್ರಿಬ್ಯೂಟರು ನಿರ್ಧರಿಸುತ್ತದೆ. ಹಿಂದಿನ ಕಾಯಿಲುಗಳು ಸದಾ ಗುಂಯ್‌ಗುಟ್ಟುತ್ತ ಕಿಡಿಗಳ ಮಳೆಯನ್ನೇ ಸುರಿಸಿ ಬ್ಯಾಟರಿಯನ್ನು ಬೇಗ ಬತ್ತಿಸುತ್ತಿದ್ದವು. ಕೆಟರಿಂಗನದು ಬೇಕಾದಾಗ ಒಂದೇ ಕಿಡಿ. ಎಲೆಕ್ಟ್ರಾನಿಕ್ ಇಗ್ನಿಷನ್ ಬರುವವರೆಗೆ ಜಗತ್ತಿನ ಪೆಟ್ರೋಲು ಕಾರುಗಳಲ್ಲಿ ಬಹುಪಾಲು ಈ ಕ್ರಮದಲ್ಲಿಯೇ ಓಡಿದವು. ನಮ್ಮ ಗ್ಯಾರೇಜುಗಳಲ್ಲಿ ಪಾಯಿಂಟು ಉಜ್ಜುವುದು ಎಂಬ ಮಾತು ಹುಟ್ಟಿದ್ದು ಇದರಿಂದ.

ಇನ್ನು ಸೆಲ್ಫ್ ಸ್ಟಾರ್ಟರಿನ ವಿಷಯ. ಆ ಕಾಲದಲ್ಲಿ ಕಾರನ್ನು ಹೊರಡಿಸುವುದೆಂದರೆ ಮುಂದೆ ನಿಂತು ಹ್ಯಾಂಡಲ್ ಹೊಡೆಯುವುದು. ಹೊಡೆಯುವ ಮುನ್ನ ಕಿಡಿಯ ಗಳಿಗೆಯನ್ನು ಹಿಂದಕ್ಕೆ ಸರಿಸಿರಬೇಕು. ಮರೆತರೆ ಇಂಜಿನು ತಿರುಗುಮುರುಗಾಗಿ ಒದೆಯುತ್ತಿತ್ತು. ಕಬ್ಬಿಣದ ಹ್ಯಾಂಡಲು ಕೈಯ ಮೂಳೆಯನ್ನು ಮುರಿಯುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಸುತ್ತದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಳ್ಳಬೇಕೆಂದು ಚಾಲಕರಿಗೆ ಮೊದಲ ಪಾಠವಾಗುತ್ತಿದ್ದುದು ಈ ಭಯದಿಂದಲೇ. ಕಾರು ತಯಾರಕನೇ ಆಗಿದ್ದ ಬೈರನ್ ಕಾರ್ಟರ್ ಎಂಬವನು ದಾರಿಯಲ್ಲಿ ನಿಂತುಹೋಗಿದ್ದ ಹೆಂಗಸೊಬ್ಬಳ ಕಾರಿಗೆ ಹ್ಯಾಂಡಲ್ ಹೊಡೆಯಲು ಹೋಗಿ, ದವಡೆಗೆ ಪೆಟ್ಟು ತಿಂದು, ಅದರಿಂದಲೇ ಪ್ರಾಣಬಿಟ್ಟನೆಂದೂ, ಅವನ ಮಿತ್ರನಾಗಿದ್ದ ಲೆಲೆಂಡನು ಮನನೊಂದು ಇನ್ನು ತನ್ನ ಕಾರುಗಳಿಗೆ ಹ್ಯಾಂಡಲು ಬೇಡವೆಂದು ನಿಶ್ಚಯಿಸಿದನೆಂದೂ ಒಂದು ಕಥೆಯಿದೆ. ಕೆಲವರು ಈ ಘಟನೆಯನ್ನು 1910ಕ್ಕೆ ಹಾಕುತ್ತಾರೆ. ಕಾರ್ಟರನಾದರೋ 1908ರಲ್ಲಿಯೇ ತೀರಿಕೊಂಡಿದ್ದನು. ಆದುದರಿಂದ ಕಥೆಯನ್ನು ಕಥೆಯಾಗಿಯೇ ಸ್ವೀಕರಿಸುವುದು ಲೇಸು. ಲೆಲೆಂಡನು ಕೆಟರಿಂಗನನ್ನು ಕರೆದು ಹ್ಯಾಂಡಲಿಗೆ ಬದಲು ಏನಾದರೂ ಮಾಡಿಕೊಡಬೇಕೆಂದು ಕೇಳಿದ್ದು ಮಾತ್ರ ನಿಜ.

ವಿದ್ಯುತ್ತಿನಿಂದ ಇಂಜಿನನ್ನು ತಿರುಗಿಸಬಹುದೆಂಬ ಯೋಚನೆ ಹೊಸದೇನಾಗಿರಲಿಲ್ಲ. ಆದರೆ ಬಲ್ಲವರು ಲೆಕ್ಕ ಹಾಕಿ, ಅದಕ್ಕೆ ಬೇಕಾದ ಮೋಟಾರೂ ಬ್ಯಾಟರಿಯೂ ಕಾರಿನಷ್ಟೇ ಭಾರವಾಗುತ್ತವೆಂದು ಕೈಬಿಟ್ಟಿದ್ದರು. ಅವರ ಲೆಕ್ಕ ಸರಿಯಾಗಿತ್ತು, ಮೋಟಾರು ದಿನವಿಡೀ ತಿರುಗಬೇಕಾಗಿದ್ದರೆ! ಕೆಟರಿಂಗನಿಗೆ ಅಂಗಡಿಯ ಹಣದ ಪೆಟ್ಟಿಗೆ ನೆನಪಾಯಿತು. ಇಂಜಿನು ಎಚ್ಚರಗೊಳ್ಳಲು ಬೇಕಾದದ್ದು ಕೆಲವೇ ಕ್ಷಣಗಳ ತಳ್ಳು. ಚಿಕ್ಕ ಮೋಟಾರು, ಹಲ್ಲುಚಕ್ರಗಳ ನೆರವು, ಒಂದು ಕ್ಷಣದ ಮಿತಿಮೀರಿದ ಭಾರ. ಇಷ್ಟೇ ಅಲ್ಲ, ಇಂಜಿನು ಓಡತೊಡಗಿದ ಮೇಲೆ ಅದೇ ಮೋಟಾರು ಡೈನಮೊ ಆಗಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುವಂತೆಯೂ ಮಾಡಿದನು. ಎಬ್ಬಿಸುವಾಗ 24 ವೋಲ್ಟು, ತುಂಬುವಾಗ 6 ವೋಲ್ಟು. ಆ ಬ್ಯಾಟರಿಯಿಂದಲೇ ದೀಪ, ಅದರಿಂದಲೇ ಕಿಡಿ. ಕೊಟ್ಟಿಗೆಯಲ್ಲಿ ಹಗಲು ರಾತ್ರಿ ಒಂದಾಗಿ ದುಡಿದು 1911ರ ಫೆಬ್ರವರಿಯಲ್ಲಿ ಕ್ಯಾಡಿಲಾಕ್ ಕಾರೊಂದಕ್ಕೆ ಇದನ್ನು ಜೋಡಿಸಿ ನಡೆಸಿ ತೋರಿಸಿದರು. ಲೆಲೆಂಡನು 1912ರ ಮಾದರಿಗೆಂದು 12,000 ಸ್ಟಾರ್ಟರುಗಳನ್ನು ಕೇಳಿದನು. ಪ್ರಯೋಗಶಾಲೆಯಾಗಿದ್ದ ಡೆಲ್ಕೊ ರಾತ್ರೋರಾತ್ರಿ ಕಾರ್ಖಾನೆಯಾಗಬೇಕಾಯಿತು. ಫೋರ್ಡನ ಮಾಡೆಲ್ ಟಿ ಕಾರಿಗೂ 1919ರಲ್ಲಿ ಸ್ಟಾರ್ಟರು ಬಂತು. ತೋಳ್ಬಲವಿಲ್ಲದವರೂ, ಮುದುಕರೂ, ಹೆಂಗಸರೂ ಪರರ ಸಹಾಯವಿಲ್ಲದೆ ಕಾರನ್ನು ಹೊರಡಿಸುವಂತಾಯಿತು.

ಅಂದಿನ ಸ್ಟಾರ್ಟರು ಕೀಲಿಕೈಯಿಂದ ನಡೆಯುತ್ತಿರಲಿಲ್ಲ. ಅದನ್ನು ಕಾಲಿನಿಂದಲೋ ಗುಂಡಿಯಿಂದಲೋ ಬೇರೆಯಾಗಿ ಒತ್ತಬೇಕಾಗಿತ್ತು. ಕೀಲಿಕೈಯನ್ನು ತಿರುಗಿಸಿದರೆ ಕಿಡಿಯೂ ಸೆಲ್ಫೂ ಒಟ್ಟಿಗೆ ಸಿದ್ಧವಾಗುವ ಸ್ವಿಚ್ಚನ್ನು 1949ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಕಾರುಗಳಲ್ಲಿ ತಂದಿತು. ಬೀಗವಿರುವಲ್ಲಿ ಕಳ್ಳನೂ ಇರುತ್ತಾನೆ. ಸ್ವಿಚ್ಚಿನ ಹಿಂದಿನ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿ ಡೈರೆಕ್ಟ್ ಮಾಡಿದರೆ ಕೀಲಿಕೈಯಿಲ್ಲದೆಯೇ ಕಾರು ಹೊರಡುತ್ತದೆ. ಇದಕ್ಕೆ ಪ್ರತಿಯಾಗಿ ಬಂದದ್ದು ಸ್ಟೀರಿಂಗ್ ಲಾಕು. ಕೀಲಿಕೈಯನ್ನು ತೆಗೆದೊಡನೆ ಸ್ಪ್ರಿಂಗಿನ ಬಲದಿಂದ ಒಂದು ಉಕ್ಕಿನ ಅಗುಳಿ ಸ್ಟೀರಿಂಗ್ ದಂಡದ ಗಾಡಿಯೊಳಗೆ ಇಳಿದು ಕೂರುತ್ತದೆ. ಕಳ್ಳನು ಇಂಜಿನನ್ನು ಹೊರಡಿಸಿದರೂ ಕಾರನ್ನು ತಿರುಗಿಸಲಾರ. ಜನರಲ್ ಮೋಟರ್ಸ್ ಕಂಪನಿಯ 1969ರ ಮಾದರಿಗಳಲ್ಲಿ ಇಗ್ನಿಷನ್ ಸ್ವಿಚ್ಚೇ ಸ್ಟೀರಿಂಗ್ ದಂಡದ ಮೇಲೆ ಬಂದು ಈ ಅಗುಳಿಯೊಡನೆ ಕೂಡಿಕೊಂಡಿತು.

ನನ್ನ ತಂದೆಯವರು ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು; ಆದರೆ ಸ್ವಿಚ್ಚಿನ ಬಗೆಗೆ ನನಗೆ ತಿಳಿದದ್ದೆಲ್ಲ ಅವರಿಂದ ಬಂದದ್ದು. ಹಳೆಯ ಕಾರಿನ ಸ್ವಿಚ್ಚು ಕೆಟ್ಟರೆ ಅವರು ಮೊದಲು ಬ್ಯಾಟರಿಯ ಅರ್ಥಿಂಗ್ ತಂತಿಯನ್ನು ಬಿಚ್ಚುತ್ತಾರೆ. ಯಾವ ತಂತಿ ಯಾವ ತಿರುಪಿನಲ್ಲಿತ್ತೆಂದು ಗುರುತು ಹಾಕಿಕೊಳ್ಳದೆ ಒಂದನ್ನೂ ಕಳಚುವುದಿಲ್ಲ. ಬಹುಮಟ್ಟಿಗೆ ಬೀಗ ಒಂದು ಭಾಗ, ಅದರ ಹಿಂದಿನ ವಿದ್ಯುತ್ ಸ್ವಿಚ್ಚು ಇನ್ನೊಂದು ಭಾಗ. ಬೀಗ ಬಿಗಿಯಾಗಿದ್ದರೆ ಎಣ್ಣೆ ಬಿಡುವುದಿಲ್ಲ, ಎಣ್ಣೆಗೆ ಧೂಳು ಅಂಟುತ್ತದೆ. ಗ್ರಾಫೈಟ್ ಪುಡಿ ಊದುತ್ತಾರೆ. ಸ್ವಿಚ್ಚಿನೊಳಗಿನ ಹಿತ್ತಾಳೆಯ ಮುಟ್ಟುಗಳು ಕಪ್ಪಾಗಿದ್ದರೆ ನವುರಾದ ಎಮರಿ ಕಾಗದದಿಂದ ಉಜ್ಜಿ, ಮತ್ತೆ ಜೋಡಿಸಿ, ಸ್ವಿಚ್ಚನ್ನು ಹಾಕಿದಾಗ ಅದರ ಎರಡು ತುದಿಗಳ ನಡುವೆ ಎಷ್ಟು ವೋಲ್ಟು ನಷ್ಟವಾಗುತ್ತಿದೆಯೆಂದು ಮೀಟರಿನಿಂದ ನೋಡುತ್ತಾರೆ. ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಿದ್ದರೆ ಆ ಸ್ವಿಚ್ಚನ್ನು ನಂಬುವುದಿಲ್ಲ. ಸ್ಟೀರಿಂಗ್ ಲಾಕನ್ನು ಬಿಚ್ಚುವುದು ಇನ್ನೂ ಕಷ್ಟ. ಅದರ ಬೋಲ್ಟುಗಳನ್ನು ಬಿಗಿದಾಗ ತಲೆಯೇ ಮುರಿದು ಬೀಳುವಂತೆ ಮಾಡಿರುತ್ತಾರೆ, ಕಳ್ಳನ ಸ್ಪ್ಯಾನರು ಹಿಡಿಯದಿರಲೆಂದು. ಉಳಿಯಿಂದ ಕಚ್ಚು ಮಾಡಿ ಮೆಲ್ಲಮೆಲ್ಲನೆ ತಟ್ಟಿ ತಿರುಗಿಸಬೇಕು, ಇಲ್ಲವೇ ಡ್ರಿಲ್ ಹೊಡೆಯಬೇಕು. ಅಗುಳಿ ಸವೆದು ಸಡಿಲವಾಗಿದ್ದರೆ ಕಾರನ್ನು ರಸ್ತೆಗೆ ಬಿಡಬಾರದು. ಓಡುತ್ತಿರುವಾಗ ಅದು ಗಾಡಿಗೆ ಬಿದ್ದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಮರಳಿ ಕೆಟರಿಂಗನ ಕಡೆಗೆ ಬರೋಣ. 1916ರಲ್ಲಿ ಡೆಲ್ಕೊ ಕೈಬದಲಾಯಿತು. ಕೆಲವೇ ವರ್ಷಗಳಲ್ಲಿ ಅದು ಜನರಲ್ ಮೋಟರ್ಸಿನ ಒಳಗೆ ಸೇರಿತು. 1920ರಿಂದ 1947ರವರೆಗೆ ಆ ಕಂಪನಿಯ ಸಂಶೋಧನೆಗೆಲ್ಲ ಕೆಟರಿಂಗನೇ ಮುಖ್ಯಸ್ಥ. ವಿದ್ಯುತ್ತು ಕಾಣದ ಬೇಸಾಯದ ಮನೆಗಳಿಗಾಗಿ ಅವನು ರೂಪಿಸಿದ ಡೆಲ್ಕೊ ಲೈಟ್ ಎಂಬ 32 ವೋಲ್ಟಿನ ಯಂತ್ರ ಹಳ್ಳಿಗಳಲ್ಲಿ ದೀಪ ಹಚ್ಚಿತು. ಸೋಲುಗಳೂ ಇದ್ದವು. ನೀರಿನ ಬದಲು ತಾಮ್ರದ ರೆಕ್ಕೆಗಳ ಮೂಲಕ ಗಾಳಿಯಿಂದಲೇ ತಣ್ಣಗಾಗುವ ಇಂಜಿನನ್ನು ಅವನು ಬಹಳ ನಂಬಿಕೆಯಿಂದ ಮಾಡಿಸಿದನು. 1923ರಲ್ಲಿ ಆ ಷೆವರ್ಲೆ ಕಾರುಗಳು ಹೊರಬಂದವು, ದೂರುಗಳೂ ಬಂದವು, ಕಂಪನಿ ಅವನ್ನು ಹಿಂದಕ್ಕೆ ತರಿಸಿಕೊಂಡಿತು. ಕೆಟರಿಂಗನು ರಾಜೀನಾಮೆ ಬರೆದುಕೊಟ್ಟನು. ಅಧ್ಯಕ್ಷ ಆಲ್ಫ್ರೆಡ್ ಸ್ಲೋನನು ಅವನನ್ನು ಬಿಟ್ಟುಕೊಡಲಿಲ್ಲ.

ಅವನ ಬಾಳಿನಲ್ಲಿ ಹೊಗಳುವವರು ಬೇಗ ದಾಟಿಬಿಡುವ ಅಧ್ಯಾಯವೊಂದಿದೆ. ಇಂಜಿನಿನೊಳಗೆ ಪೆಟ್ರೋಲು ಅಕಾಲದಲ್ಲಿ ಸಿಡಿದು ಟಕಟಕನೆ ಬಡಿಯುವುದುಂಟು. ಕೆಟರಿಂಗನ ಬ್ಯಾಟರಿ ಇಗ್ನಿಷನ್ನೇ ಇದಕ್ಕೆ ಕಾರಣವೆಂದು ಜನ ದೂರತೊಡಗಿದರು. ದೋಷ ಕಿಡಿಯದಲ್ಲ, ಇಂಧನದ್ದು ಎಂದು ತೋರಿಸಲು ಅವನು ಹೊರಟನು. ಅವನ ಕೈಕೆಳಗಿದ್ದ ಥಾಮಸ್ ಮಿಜ್ಲಿಯು ಅಯೊಡಿನ್, ಅನಿಲಿನ್ ಮುಂತಾಗಿ ಹಲವು ವಸ್ತುಗಳನ್ನು ಬೆರೆಸಿ ನೋಡಿ, 1921ರ ಡಿಸೆಂಬರಿನಲ್ಲಿ ಸೀಸದ ಸಂಯುಕ್ತವೊಂದನ್ನು ಕಂಡುಕೊಂಡನು. ಚಿಟಿಕೆಯಷ್ಟು ಬೆರೆಸಿದರೆ ಬಡಿತ ಮಾಯ. 1923ರಲ್ಲಿ ಡೇಟನ್ನಿನಲ್ಲಿಯೇ ಮಾರಾಟ ಮೊದಲಾಯಿತು. ಸೀಸ ವಿಷವೆಂಬುದು ಪ್ರಾಚೀನ ಕಾಲದಿಂದ ತಿಳಿದ ಸಂಗತಿ. ಆದರೆ ಅವರು ಮಾರುಕಟ್ಟೆಯಲ್ಲಿಟ್ಟ ಹೆಸರು ಎಥಿಲ್. ಸೀಸದ ಮಾತು ಅದರಲ್ಲಿಲ್ಲ. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಈ ದ್ರವವನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಬುದ್ಧಿಭ್ರಮಣೆಗೊಂಡು ಸತ್ತರು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಎಥಿಲ್ ಕಂಪನಿಯ ಮೊದಲ ಅಧ್ಯಕ್ಷ ಕೆಟರಿಂಗನೇ ಆಗಿದ್ದನು. ಸರಕಾರ ವಿಚಾರಣೆ ನಡೆಸಿತು. ಮಾರಾಟ ಕೆಲಕಾಲ ನಿಂತು ಮತ್ತೆ ಮುಂದುವರಿಯಿತು. ಮದ್ಯಸಾರ ಬೆರೆಸಿದರೂ ಬಡಿತ ತಗ್ಗುತ್ತದೆಂಬುದು ಆಗಲೇ ಅವರಿಗೆ ಗೊತ್ತಿತ್ತು. ಆದರೆ ಅದಕ್ಕೆ ಪೇಟೆಂಟು ಪಡೆದು ಲಾಭ ಮಾಡಿಕೊಳ್ಳುವಂತಿರಲಿಲ್ಲ. ಹ್ಯಾಂಡಲಿನ ಏಟಿನಿಂದ ಅಷ್ಟು ಜನರನ್ನು ಕಾಪಾಡಿದವನು ಇಲ್ಲಿ ಕೆಲಸಗಾರನ ಕಡೆಗೆ ಅದೇ ಕನಿಕರದಿಂದ ನೋಡಲಿಲ್ಲವೆಂದೇ ನನ್ನ ಅಭಿಪ್ರಾಯ. ಅಂದಿನ ಜ್ಞಾನ ಅಷ್ಟೇ ಇತ್ತೆಂಬ ಸಮಾಧಾನವನ್ನು ನಾನು ಒಪ್ಪಲಾರೆ. ಎಚ್ಚರಿಕೆ ನೀಡಿದ ವೈದ್ಯರು ಅಂದೂ ಇದ್ದರು.

ಮುಂದೆ ಅವನು ಡೀಸೆಲ್ ಇಂಜಿನಿನ ಕಡೆಗೆ ತಿರುಗಿದನು. ದಪ್ಪನೆಯ ಭಾರಿ ಯಂತ್ರವಾಗಿದ್ದ ಡೀಸೆಲ್ಲನ್ನು ಹಗುರಾಗಿಸಿ ರೈಲಿಗೆ ಒಗ್ಗಿಸುವ ಕೆಲಸದಲ್ಲಿ ಅವನ ಒಬ್ಬನೇ ಮಗ ಯೂಜೀನನೂ ಜೊತೆಗೂಡಿದನು. 1934ರ ಮೇ ತಿಂಗಳಲ್ಲಿ ಜೆಫಿರ್ ಎಂಬ ರೈಲು ಡೆನ್ವರಿನಿಂದ ಷಿಕಾಗೊವರೆಗಿನ ಸಾವಿರ ಮೈಲಿಯನ್ನು ಸುಮಾರು ಹದಿಮೂರು ಗಂಟೆಗಳಲ್ಲಿ ಎಲ್ಲಿಯೂ ನಿಲ್ಲದೆ ಓಡಿತು. ಉಗಿಬಂಡಿಯ ಕಾಲ ಅಲ್ಲಿಗೆ ಮುಗಿಯತೊಡಗಿತು. ಆ ವಂಶದ ಇಂಜಿನುಗಳನ್ನು ನೋಡಬೇಕಾದರೆ ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಹುಬ್ಬಳ್ಳಿಯ ಡೀಸೆಲ್ ಷೆಡ್ಡಿನಲ್ಲಿ ಸಾಕಷ್ಟು ಕಾಣಬಹುದು.

ಸ್ಲೋನನೂ ಅವನೂ ಕೂಡಿ 1945ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನೆಗೆ ಒಂದು ಸಂಸ್ಥೆಯನ್ನು ನಿಲ್ಲಿಸಿದರು. ಇಬ್ಬರ ಹೆಸರನ್ನೂ ಹೊತ್ತ ಆ ಸಂಸ್ಥೆ ಜಗತ್ಪ್ರಸಿದ್ಧವಾಗಿದೆ. ಹುಲ್ಲು ಏಕೆ ಹಸಿರಾಗಿದೆ ಎಂಬ ಪ್ರಶ್ನೆಯೂ ಅವನನ್ನು ಕಾಡಿತ್ತು. ಗಿಡಗಳು ಬಿಸಿಲನ್ನು ಆಹಾರವಾಗಿಸುವ ಬಗೆಯನ್ನು ಅರಿಯಲು ಬಹಳ ಹಣ ವೆಚ್ಚ ಮಾಡಿದನು. ಅವನ ಹೆಸರಿನಲ್ಲಿ 180ಕ್ಕೂ ಹೆಚ್ಚು ಪೇಟೆಂಟುಗಳಿವೆ. 1958ರ ನವೆಂಬರಿನಲ್ಲಿ, 82ನೆಯ ವಯಸ್ಸಿನಲ್ಲಿ, ಕೆಟರಿಂಗನು ಡೇಟನ್ನಿನಲ್ಲಿ ತೀರಿಕೊಂಡನು. ಅವನು ಬದುಕಿರುವಾಗಲೇ ಪಕ್ಕದ ಊರೊಂದು ಅವನ ಹೆಸರನ್ನು ಇಟ್ಟುಕೊಂಡಿತ್ತು.

ಅವನ ಪಾಯಿಂಟುಗಳು ಹೊಸ ಕಾರುಗಳಿಂದ ಕಾಣೆಯಾಗಿವೆ. ಸ್ಟಾರ್ಟರು ಉಳಿದಿದೆ, ಒಂದು ಕ್ಷಣ ಮಿತಿಮೀರಿ ದುಡಿದು ಸುಮ್ಮನಾಗುವ ಅದರ ಕ್ರಮವೂ ಹಾಗೆಯೇ ಉಳಿದಿದೆ. ಸೀಸದ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಕಡೆಯದಾಗಿ ಅಲ್ಜೀರಿಯ ದೇಶ 2021ರಲ್ಲಿ ಅದನ್ನು ನಿಲ್ಲಿಸಿತು. ಹಳೆಯ ಇಂಜಿನುಗಳ ವಾಲ್ವ್ ಸೀಟುಗಳು ಮಾತ್ರ ಆ ಸೀಸದ ಲೇಪವನ್ನು ನೆಚ್ಚಿಕೊಂಡು ಮಾಡಿದಂಥವು. ಅದಿಲ್ಲದೆ ಅವು ಬೇಗ ಸವೆಯುತ್ತವೆ. ಸ್ವಿಚ್ಚಿನ ದುರಸ್ತಿಗೆಂದು ಗ್ಯಾರೇಜಿಗೆ ಬರುವ ಹಳೆಯ ಕಾರುಗಳಲ್ಲಿ ಕೆಲವಕ್ಕೆ ಇದೇ ಕಾರಣದಿಂದ ಸಿಲಿಂಡರ್ ಹೆಡ್ಡನ್ನೂ ಬಿಚ್ಚಿ, ಗಟ್ಟಿ ಉಕ್ಕಿನ ಹೊಸ ಸೀಟುಗಳನ್ನು ಕೂರಿಸಬೇಕಾಗುತ್ತದೆ.